ಗೈಲಾರ್ಡಿಯಾದ ತವರು

ಕಡೂರಿನ ನಮ್ಮ ಮನೆಯಂಗಳದಲ್ಲಿ ಬೇಸಿಗೆಯ ಬಿಸಿಲಿಗೂ ಬಾಡದೆ ಅರಳುವುದು ಗೈಲಾರ್ಡಿಯಾ. ಕೆಂಪು ಎಸಳು, ತುದಿಗೆ ಹಳದಿ ಅಂಚು, ನಡುವೆ ಕಂದುಗೆಂಪಿನ ಗುಂಡು. ಸೇವಂತಿಗೆ ತುಟ್ಟಿಯಾದಾಗ ದೇವರ ಪಟಕ್ಕೆ ಇದರದ್ದೇ ಹಾರ. ಚಿಕ್ಕಂದಿನಿಂದ ಕಂಡಿದ್ದರಿಂದ ಇದು ನಮ್ಮ ಬಯಲುಸೀಮೆಯದೇ ಹೂವೆಂದು ಬಹಳ ಕಾಲ ನಂಬಿದ್ದೆ.

ಗೈಲಾರ್ಡಿಯಾ ಪುಲ್ಕೆಲ್ಲಾ ಎಂಬ ಈ ಗಿಡದ ತವರು ಉತ್ತರ ಮೆಕ್ಸಿಕೊ, ಟೆಕ್ಸಸ್, ಒಕ್ಲಹೋಮಾಗಳ ಹುಲ್ಲುಬಯಲು. 1986ರಲ್ಲಿ ಒಕ್ಲಹೋಮಾ ಇದನ್ನು ತನ್ನ ರಾಜ್ಯದ ಕಾಡುಹೂವೆಂದು ಸಾರಿತು. ಅಲ್ಲಿ ಸ್ಕಿನಿಯಾ ವೊಲುಪಿಯಾ ಎಂಬ ಪುಟ್ಟ ಪತಂಗವೊಂದಿದೆ. ಅದರ ಮರಿಹುಳು ಈ ಗಿಡವನ್ನೇ ತಿಂದು ಬೆಳೆಯುತ್ತದೆ, ರೆಕ್ಕೆ ಬಂದ ಮೇಲೆ ಹೂವಿನ ಮೇಲೆ ಕುಳಿತರೆ ಕೆಂಪು ಹಳದಿಯ ಆ ಮೈ ಎಸಳುಗಳ ನಡುವೆ ಕಾಣದಂತೆ ಬೆರೆತುಹೋಗುತ್ತದೆ. ಹೂವನ್ನು ನೆಚ್ಚಿ ಬದುಕುವ ಇಂಥ ಜೀವವಿರುವ ನೆಲವನ್ನು ತವರೆನ್ನುವುದೇ ಸರಿಯೆಂದು ನನಗನ್ನಿಸುತ್ತದೆ. ನಮ್ಮ ಅಂಗಳದ ಹೂವಿಗೆ ಜೇನು ಬರುತ್ತದೆ, ಆ ಪತಂಗ ಬರುವುದಿಲ್ಲ.

ತವರಿನಿಂದಾಚೆಗೆ ಇದು ಹರಡಿದ್ದು ಬಹುಪಾಲು ಮನುಷ್ಯನ ಕೈಯಿಂದ. ಬೀಜದಿಂದ ಬೇಗ ಹುಟ್ಟುವ ಈ ಗಿಡಕ್ಕೆ ಅಗೆದ ನೆಲ, ಮರಳು, ರಸ್ತೆಯ ಬದಿ ಇಷ್ಟು ಸಾಕು. ನೀರೂ ಗೊಬ್ಬರವೂ ಹೆಚ್ಚು ಬೇಡ. ತೋಟದಿಂದ ತಪ್ಪಿಸಿಕೊಂಡೋ ಹೆದ್ದಾರಿಯ ಅಂಚಿಗೆ ಬಿತ್ತಿದ್ದರಿಂದಲೋ ಅದು ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಮರಳುದಿಬ್ಬಗಳಲ್ಲೂ ನೆಲೆಯೂರಿದೆ. ಫ್ಲೋರಿಡಾದಲ್ಲಂತೂ ಜನ ಅದನ್ನು ಸ್ಥಳೀಯ ಹೂವೆಂದೇ ನಂಬಿ ದಶಕಗಳ ಕಾಲ ಬೆಳೆಸಿದರು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ಸಸ್ಯತಜ್ಞರು ಹಳೆಯ ದಾಖಲೆಗಳನ್ನು ಮತ್ತೆ ಪರಿಶೀಲಿಸಿ, ಅದು ಆ ರಾಜ್ಯದ ಮೂಲ ಸಸ್ಯವಲ್ಲವೆಂಬ ತೀರ್ಮಾನಕ್ಕೆ ಬಂದರು. ಅಷ್ಟು ದೊಡ್ಡ ಊರಿಗೇ ಆದ ಭ್ರಮೆ ನನ್ನ ಅಂಗಳದಲ್ಲೂ ಆಗಿತ್ತಲ್ಲ ಎಂದು ಅದನ್ನು ಓದಿದಾಗ ಅನ್ನಿಸಿತು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಕಳೆದ ಮಳೆಗಾಲದ ಮೊದಲು ಗೆಳೆಯರೊಬ್ಬರು, ಬಾಸೂರು ಅಮೃತಮಹಲ್ ಕಾವಲಿನ ಅಂಚಿನಲ್ಲಿ ಒಂದು ಚೀಲ ಬೀಜ ಚೆಲ್ಲಿದರೆ ದಾರಿಯುದ್ದಕ್ಕೂ ಹೂವಾಗುತ್ತದೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು, ಆದರೂ ನಾನು ಒಪ್ಪಲಿಲ್ಲ. ಅಮೃತಮಹಲ್ ದನಗಳಿಗೆಂದು ಕಾಯ್ದಿಟ್ಟಿದ್ದ, ಕೃಷ್ಣಮೃಗಗಳು ಮೇಯುವ, 2011ರಲ್ಲಿ ಸಂರಕ್ಷಣಾ ಮೀಸಲೆಂದು ಘೋಷಿತವಾದ ಆ ನೆಲ ನಮ್ಮ ಸೀಮೆಯಲ್ಲಿ ಉಳಿದಿರುವ ಹುಲ್ಲುಬಯಲು. ನೋಡಲು ಬೋಳಾಗಿ ಕಂಡರೂ ಅದು ಖಾಲಿ ಜಾಗವಲ್ಲ. ಗೈಲಾರ್ಡಿಯಾದ ಕುಟುಂಬಕ್ಕೇ ಸೇರಿದ, ಅಮೆರಿಕದಿಂದಲೇ ಬಂದ ಪಾರ್ಥೇನಿಯಂ ನಮ್ಮ ಹೊಲಗಳಿಗೆ ಏನು ಮಾಡಿದೆಯೆಂದು ಕಡೂರಿನ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಗೈಲಾರ್ಡಿಯಾ ಅಂಥ ಕಳೆಯಾಗುತ್ತದೆಂದು ನಾನು ಹೇಳುತ್ತಿಲ್ಲ, ಆದರೆ ಪರೀಕ್ಷೆ ಮಾಡಿ ನೋಡುವ ಜಾಗ ಕಾವಲಲ್ಲ.

ಬೀಜದ ಚೀಲ ಈಗ ನಮ್ಮ ಮನೆಯ ಅಟ್ಟದಲ್ಲಿದೆ. ಒಣಗಿದ ಹೂಗಳನ್ನು ಗಾಳಿಗೆ ಉದುರುವ ಮೊದಲೇ ಕತ್ತರಿಸಿ ಅದಕ್ಕೇ ತುಂಬುತ್ತಿದ್ದೇನೆ. ಕೇಳಿದವರಿಗೆ, ಕುಂಡದಲ್ಲಿ ಬೆಳೆಸುವುದಾದರೆ ಮಾತ್ರ, ಒಂದು ಹಿಡಿ ಕೊಡುತ್ತೇನೆ.