ದುಗ್ಗಮ್ಮನ ಜಾತ್ರೆಯ ಮಣ್ಣು

ಫಾಲ್ಗುಣದ ಆ ಮಂಗಳವಾರ ಬೆಳಗಿನ ಜಾವ ಮೂರೂವರೆಗೆ ನಮ್ಮ ಬೀದಿಯ ಡಾಂಬರು ರಸ್ತೆ ಒದ್ದೆಯಾಗಿತ್ತು. ಮಳೆ ಬಂದಿರಲಿಲ್ಲ. ದುಗ್ಗಮ್ಮನ ಗುಡಿಯವರೆಗೆ ದೀಡು ನಮಸ್ಕಾರ ಹಾಕುತ್ತ ಹೋಗುವವರ ಮೈಗೆ ಕಲ್ಲು ಒತ್ತದಿರಲಿ, ಧೂಳು ಮೂಗಿಗೇರದಿರಲಿ ಎಂದು ಅಕ್ಕಪಕ್ಕದ ಮನೆಗಳವರು ರಾತ್ರಿಯೇ ರಸ್ತೆ ಗುಡಿಸಿ ಕೊಡಗಟ್ಟಲೆ ನೀರು ಸುರಿದಿದ್ದರು. ತಣ್ಣೀರು ಮಿಂದು, ಒದ್ದೆ ಸೀರೆಯಲ್ಲಿಯೇ ಕೈಯಲ್ಲಿ ಬೇವಿನ ಸೊಪ್ಪು ಹಿಡಿದು ನಾನು ಹೊಸ್ತಿಲ ಮುಂದೆ ನಿಂತಾಗ ಮಗ ಪಕ್ಕದಲ್ಲಿ ಬಂದು ನಿಂತ. ಮಲಗಿ ಚಾಚಿದ ನನ್ನ ಕೈಬೆರಳು ಎಲ್ಲಿ ಮುಟ್ಟುತ್ತದೆಯೋ ಅಲ್ಲಿ ಗೆರೆ ಎಳೆಯುವುದು ಅವನ ಪಾಲಿಗೆ ಬಂದ ಸೇವೆ. ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಮಲಗುವುದು ನನ್ನದು. ಹರಕೆ ಅವನಿಗಾಗಿ ಹೊತ್ತದ್ದು. ಅದು ಅವನಿಗೂ ಗೊತ್ತಿತ್ತು. ಆದ್ದರಿಂದಲೇ ಇರಬೇಕು, ಮೊದಲ ಗೆರೆ ಎಳೆಯುವಾಗ ಅವನ ಕೈ ನಡುಗುತ್ತಿತ್ತು.

ದಾವಣಗೆರೆಯ ನಗರದೇವತೆ ದುರ್ಗಾಂಬಿಕೆಯನ್ನು ಊರಿನವರು ಕರೆಯುವುದು ದುಗ್ಗಮ್ಮ ಎಂದೇ. ಅವಳ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಚಳಿ ಹಿಂದೆ ಸರಿದು, ಬಿಸಿಲು ಬಲಿಯುವುದಕ್ಕೆ ಮೊದಲು, ಬೇವಿನ ಮರಗಳು ಹಳೆಯ ಎಲೆ ಉದುರಿಸಿ ತಾಮ್ರಬಣ್ಣದ ಚಿಗುರು ಬಿಡುವ ಹೊತ್ತಿಗೆ ಊರಿಗೆ ಊರೇ ಸುಣ್ಣಬಣ್ಣ ಕಂಡು ಸಿದ್ಧವಾಗುತ್ತದೆ. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಬೀಗರು ಬಿಜ್ಜರು ಬರುತ್ತಾರೆ, ಕೂಲಿ ಮಾಡುವ ಮನೆಯಲ್ಲಿಯೂ ಹತ್ತು ಜನಕ್ಕೆ ಎಲೆ ಹಾಕುತ್ತಾರೆ. ಭಾನುವಾರ ಕಂಕಣ ಕಟ್ಟುವುದರೊಂದಿಗೆ ಆರಂಭವಾಗುವ ಆಚರಣೆಗಳು ಮಂಗಳವಾರ ಭಕ್ತಿ ಸಮರ್ಪಣೆಯಲ್ಲಿ ತುಂಬಿ, ಬುಧವಾರ ನಸುಕಿನಲ್ಲಿ ಊರಿನ ಗಡಿಗೆ ಚರಗವೆಂಬ ಎಡೆ ಚೆಲ್ಲುವುದರೊಂದಿಗೆ ಒಂದು ಹಂತಕ್ಕೆ ಬರುತ್ತವೆ. ಬೇವಿನುಡುಗೆ ಉಟ್ಟವರು, ಉಡಿ ತುಂಬುವವರು, ಉರುಳು ಸೇವೆ ಮಾಡುವವರು ಎಲ್ಲರ ಸಾಲು ಗುಡಿಯ ಸುತ್ತ ಮುಗಿಯುವುದೇ ಇಲ್ಲ. ಅದೆಲ್ಲ ಆದ ಮೇಲೆ ಬರುವುದು ಬಯಲು ಜಂಗೀ ಕುಸ್ತಿ. ಹೊರಗಿನವರು ಅದನ್ನು ಜಾತ್ರೆಗೆ ಬಂದ ಜನರ ಮನರಂಜನೆಯೆಂದು ತಿಳಿಯಬಹುದು. ನನಗೆ ಹಾಗೆ ಕಂಡಿಲ್ಲ. ಅದೂ ದೇವಿಗೆ ಸಲ್ಲುವ ಸೇವೆಯೇ, ಮೈಯಿಂದ ಮಾಡುವ ಸೇವೆ.

ನಮ್ಮ ಮನೆಗೆ ಕುಸ್ತಿ ಬಂದದ್ದು ಮಾವನವರಿಂದ. ಅವರು ಹತ್ತಿ ಗಿರಣಿಯ ಕಾರ್ಮಿಕರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಊರು ಇನ್ನೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು, ನಮ್ಮದೇ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ರಾತ್ರಿ ಪಾಳಿ ಮುಗಿಸಿ, ತಲೆಗೂದಲಿನಲ್ಲಿ ಹತ್ತಿಯ ಎಳೆ ಇರುವಾಗಲೇ ಅವರು ಗರಡಿಮನೆಗೆ ಹೋಗಿ ದಂಡ, ಬೈಠಕ್ ಹೊಡೆದು ಮನೆಗೆ ಬರುತ್ತಿದ್ದರಂತೆ. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಗರಡಿಗಳೂ ಕಡಿಮೆಯಾದವು. ಆದರೂ ಅವರು ಹೋಗುತ್ತಿದ್ದ ಗರಡಿ ಉಳಿದುಕೊಂಡಿತು, ಮೊಮ್ಮಗನ ಕೈಹಿಡಿದು ಹನುಮಪ್ಪನ ಪಟದ ಮುಂದೆ ನಿಲ್ಲಿಸಿ ಉಸ್ತಾದರಿಗೆ ಒಪ್ಪಿಸುವ ಭಾಗ್ಯ ಅವರಿಗೆ ಉಳಿಯಿತು. ಆಗ ಹುಡುಗನಿಗೆ ಒಂಬತ್ತು ವರ್ಷ.

ಆ ಗರಡಿಯೊಳಗೆ ಹೆಂಗಸರು ಹೋಗುವ ರೂಢಿಯಿಲ್ಲ. ನಾನು ಕಂಡಿರುವುದೆಲ್ಲ ಹೊಸ್ತಿಲಾಚೆಯಿಂದ, ತಗ್ಗಿದ ಬಾಗಿಲಿನ ಮೂಲಕ. ಕೆಂಪು ಮಣ್ಣನ್ನು ಜರಡಿ ಹಿಡಿದು, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ, ಒಣಗಿಸಿ ಪುಡಿಮಾಡಿದ ಬೇವಿನ ಸೊಪ್ಪು ಬೆರೆಸಿ ಹದ ಮಾಡುತ್ತಾರೆ. ದಿನವೂ ಹುಡುಗರು ಗುದ್ದಲಿ ಹಿಡಿದು ಅದನ್ನು ಅಗೆದು, ಮಗುಚಿ, ಮೆತ್ತಗೆ ಮಾಡಿದ ಮೇಲೆಯೇ ಹಿಡಿತ ಕಲಿಯಬೇಕು. ಮಟ್ಟಿಗೆ, ಅಂದರೆ ಆ ಮಣ್ಣಿನ ಅಖಾಡಕ್ಕೆ, ಇಳಿಯುವ ಮುನ್ನ ಒಂದು ಚಿಟಿಕೆ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಬೇಕು. ಮಜ್ಜಿಗೆ, ಅರಿಶಿನ, ಬೇವು ಹುಡುಗರ ತಾಯಂದಿರು ಕಳಿಸುವವು. ಅಪ್ಪ ಯಾರು, ಜಾತಿ ಯಾವುದು, ದೇವರ ಹೆಸರೇನು ಎಂದು ಆ ಮಣ್ಣಿಗೆ ಬಿದ್ದ ಮೇಲೆ ಬೇರ್ಪಡಿಸಲು ಬಾರದು. ನನ್ನ ಮಗನ ಜೊತೆಗಾರರಲ್ಲಿ ಸಾಬರ ಮನೆಯ ಇಬ್ಬರು ಹುಡುಗರಿದ್ದಾರೆ. ಅವರ ತಾಯಿ ಕಳಿಸುವ ನಿಂಬೆಹಣ್ಣು ನಮ್ಮ ಮನೆಯವುಗಳಿಗಿಂತ ರಸಭರಿತವಾಗಿರುತ್ತವೆ ಎಂದು ಮಗ ಹೇಳುವಾಗ ನನಗೆ ತುಸು ಹೊಟ್ಟೆಕಿಚ್ಚೂ ಆಗಿದ್ದುಂಟು.

ಹಿಂದಿನ ಜಾತ್ರೆ ಕಳೆದು ಕೆಲವು ತಿಂಗಳಿಗೆ ಅಭ್ಯಾಸದ ವೇಳೆ ಮಗನ ಮಂಡಿ ತಿರುಚಿತು. ಲಿಗಮೆಂಟ್ ಹರಿದಿದೆ, ಶಸ್ತ್ರಚಿಕಿತ್ಸೆಯಾಗಬೇಕು, ಕನಿಷ್ಠ ಒಂಬತ್ತು ತಿಂಗಳು ಅಖಾಡದ ಕಡೆ ಮುಖ ಹಾಕುವಂತಿಲ್ಲ ಎಂದರು. ಹದಿನಾರು ವರ್ಷದ ಹುಡುಗನಿಗೆ ಒಂಬತ್ತು ತಿಂಗಳು ಎಂದರೆ ಎಷ್ಟು ದೀರ್ಘವೆಂದು ಆಗಲೇ ನನಗೆ ತಿಳಿದದ್ದು. ಮನೆಗೆ ನೋಡಲು ಬಂದವರು ಒಳ್ಳೆಯ ಮನಸ್ಸಿನಿಂದಲೇ, ಕುಸ್ತಿ ಬಿಡಿಸಿ ಕ್ರಿಕೆಟ್ಟಿಗೆ ಹಾಕಿ ಎನ್ನುತ್ತಿದ್ದರು. ನಮ್ಮೂರಿನ ವಿನಯ್ ಕುಮಾರ್ ನಾಯಕರಾಗಿ 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ಕರ್ನಾಟಕಕ್ಕೆ ರಣಜಿ ಟ್ರೋಫಿ ತಂದದ್ದನ್ನು ನೆನಪಿಸುತ್ತಿದ್ದರು. ಹುಡುಗ ಏನೂ ಹೇಳದೆ ಗೋಡೆಯ ಕಡೆಗೆ ತಿರುಗಿ ಮಲಗುತ್ತಿದ್ದ. ಶಸ್ತ್ರಚಿಕಿತ್ಸೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ಹರಕೆ ಹೊತ್ತೆ: ತಾಯಿ, ಮುಂದಿನ ಜಾತ್ರೆಯ ಹೊತ್ತಿಗೆ ಇವನು ತನ್ನ ಎರಡು ಕಾಲ ಮೇಲೆ ನಿಂತು ನಿನ್ನ ಅಖಾಡದ ಮಣ್ಣಿಗೆ ಇಳಿಯುವಂತಾದರೆ ಮನೆಯ ಹೊಸ್ತಿಲಿನಿಂದ ನಿನ್ನ ಪಾದದವರೆಗೆ ದೀಡು ನಮಸ್ಕಾರ ಹಾಕುತ್ತೇನೆ. ಗೆಲ್ಲಿಸು ಎಂದು ಕೇಳಲಿಲ್ಲ. ಇಳಿದರೆ ಸಾಕು ಎಂದೆ. ಈ ಮಾತು ಮುಂದೆ ಮುಖ್ಯವಾಗುವುದರಿಂದ ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ.

ದೀಡು ನಮಸ್ಕಾರದಲ್ಲಿ ಮೊದಲು ನೋಯುವುದು ಮೊಣಕೈ. ಇಪ್ಪತ್ತು ಸಲವಾಗುವಷ್ಟರಲ್ಲಿ ಅಂಗೈ ಉರಿಯುತ್ತದೆ, ಐವತ್ತಾದ ಮೇಲೆ ಎಣಿಕೆ ತಪ್ಪುತ್ತದೆ, ಆಮೇಲೆ ದೇಹ ತನ್ನದೇ ಲಯಕ್ಕೆ ಬಂದು ಮಲಗುವುದೂ ಏಳುವುದೂ ಉಸಿರಾಟದಂತೆ ಸಾಗುತ್ತದೆ. ಎದೆ, ಹಣೆ, ಮಂಡಿ ಎಲ್ಲವೂ ನೆಲಕ್ಕೆ ತಾಗುವಾಗ ಮುಖದ ಮುಂದೆ ಕಾಣುವುದು ಒದ್ದೆ ಡಾಂಬರು, ಮುಂದೆ ಹೋದವರ ಅಂಗಾಲು, ಬಿದ್ದ ಬೇವಿನೆಲೆ. ಯಾರೋ ಗುರುತಿಲ್ಲದ ಅಜ್ಜಿಯೊಬ್ಬರು ನಾನು ಏಳುವಾಗ ತೋಳು ಹಿಡಿದು ಎತ್ತಿದರು. ಇನ್ನೊಂದು ಮನೆಯ ಮುಂದೆ ಹುಡುಗಿಯೊಬ್ಬಳು ಬೆನ್ನಿಗೆ ನೀರು ಹಾಕಿದಳು. ನನ್ನ ಮುಂದೆ ಒಬ್ಬ ಗಂಡಸು, ಹಿಂದೆ ತುಂಬು ಪ್ರಾಯದ ಹೆಣ್ಣುಮಗಳು; ಅವರ ಸಂಕಟ ಏನೆಂದು ನಾನು ಕೇಳಲಿಲ್ಲ, ನನ್ನದನ್ನು ಅವರು ಕೇಳಲಿಲ್ಲ, ಆದರೂ ಒಬ್ಬರು ದಣಿದು ನಿಂತರೆ ಉಳಿದವರು ನಿಂತು ಕಾಯ್ದೆವು. ಮಗ ಗೆರೆ ಎಳೆಯುತ್ತ ಬಾಗಿ ಬಾಗಿ ನಡೆದ. ಅವನು ಬಾಗಿದಾಗಲೆಲ್ಲ ನನ್ನ ಕಣ್ಣು ಅವನ ಮಂಡಿಯ ಮೇಲಿನ ಗಾಯದ ಗುರುತಿನ ಕಡೆಗೇ ಹೋಗುತ್ತಿತ್ತು. ಮಂಡಿ ಚೆನ್ನಾಗಿ ಮಡಚಿಕೊಳ್ಳುತ್ತಿತ್ತು. ಗುಡಿಯ ಮೆಟ್ಟಿಲು ಮುಟ್ಟುವ ಹೊತ್ತಿಗೆ ಬೆಳಕು ಹರಿದಿತ್ತು. ಒಳಗೆ ದೇವಿಯ ಮುಖ ಕಂಡದ್ದು ಒಂದೇ ಕ್ಷಣ. ಹಿಂದಿನಿಂದ ಜನ ನೂಕುತ್ತಿದ್ದರು. ಅಷ್ಟು ಸಾಕಾಯಿತು.

ಕುಸ್ತಿಗೆಂದು ಹೊರಗಿನಿಂದ ಬರುವ ಹುಡುಗರನ್ನು ಗರಡಿಯ ಹಿರಿಯರು ಕೇರಿಯ ಮನೆಗಳಿಗೆ ಹಂಚುವುದು ಹಿಂದಿನಿಂದ ಬಂದ ಪದ್ಧತಿ. ನಮ್ಮ ಮನೆಗೆ ಹಾವೇರಿ ಕಡೆಯ ಒಬ್ಬ ಹುಡುಗ ಬಂದ. ಮಾತು ಕಡಿಮೆ, ತಟ್ಟೆಯ ಮುಂದೆ ತಲೆ ಎತ್ತುವವನಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು ಬಡಿಸಿದೆ. "ಸಾಕು ಅಮ್ಮ" ಎಂದಾಗಲೂ ಇನ್ನೊಂದು ರೊಟ್ಟಿ ಹಾಕಿದೆ. ಬೆಳೆಯುವ ಹುಡುಗ, ಮರುದಿನ ಸೆಣಸಬೇಕಾದವನು. ರಾತ್ರಿ ಅವನೂ ನನ್ನ ಮಗನೂ ಮಾಳಿಗೆಯ ಮೇಲೆ ಒಂದೇ ಚಾಪೆ ಹಾಸಿಕೊಂಡು ಮಲಗಿದರು. ಮಣ್ಣಿನ ಕುಸ್ತಿಯಲ್ಲಿ ಯಾರಿಗೆ ಯಾರು ಎಂಬುದು ಮುಂಚಿತವಾಗಿ ಗೊತ್ತಿರುವುದಿಲ್ಲ. ಹಿರಿಯರು ಅಖಾಡದಲ್ಲಿಯೇ ಮೈಕಟ್ಟು, ಎತ್ತರ, ತೂಕ ನೋಡಿ ಜೋಡಿ ಕಟ್ಟುತ್ತಾರೆ. ಮರುದಿನ ಸಂಜೆ ಜೋಡಿ ಕಟ್ಟಿದಾಗ ನನ್ನ ಮಗನ ಕೈಗೆ ಅವರು ಕೊಟ್ಟದ್ದು ಆ ಹುಡುಗನ ಕೈಯನ್ನೇ.

ಮೈದಾನದ ಅಂಚಿನಲ್ಲಿ ನಾಲ್ಕಾರು ಹೆಂಗಸರ ನಡುವೆ ನಾನು ನಿಂತಿದ್ದೆ. ಹಲಗೆಯ ಬಡಿತ ಏರಿತು. ಇಬ್ಬರೂ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು, ತೊಡೆ ತಟ್ಟಿ ಹತ್ತಿರವಾದರು. ಕ್ರೀಡಾ ವಸತಿ ನಿಲಯದಲ್ಲಿ ನಡೆಯುವ ಮ್ಯಾಟಿನ ಕುಸ್ತಿಯಾದರೆ ನಿಮಿಷಗಳ ಲೆಕ್ಕವಿದೆ, ಅಂಕಗಳಿವೆ, ಗೆರೆಯಾಚೆಗೆ ಕಾಲಿಟ್ಟರೂ ಒಂದು ಅಂಕ ಎದುರಾಳಿಗೆ ಹೋಗುತ್ತದೆ. ರಾಜ್ಯಕ್ಕೂ ದೇಶಕ್ಕೂ ಆಡಬೇಕೆನ್ನುವ ಮಕ್ಕಳು ಅದನ್ನೇ ಕಲಿಯಬೇಕು, ಕಲಿಯಲಿ. ಹಾಗೆ ಹೋದವರನ್ನು ಗರಡಿಯ ಹಿರಿಯರು ಮಣ್ಣು ಬಿಟ್ಟವರೆಂದು ಬೈಯುವುದು ನನಗೆ ಸರಿಕಾಣುವುದಿಲ್ಲ. ಆದರೆ ಇಲ್ಲಿ ನಡೆದದ್ದು ನಿಕಾಲಿ ಕುಸ್ತಿ. ಒಬ್ಬನ ಬೆನ್ನು ನೆಲಕ್ಕೆ ತಾಗುವವರೆಗೆ ಅದು ಮುಗಿಯುವುದಿಲ್ಲ.

ಬಹಳ ಹೊತ್ತು ಇಬ್ಬರೂ ಸಮಸಮವಾಗಿ ನಿಂತರು. ಆಗ ನನ್ನ ಬಾಯಲ್ಲಿ ತಾನಾಗಿಯೇ ಒಂದು ಮಾತು ಬಂತು. ತಾಯಿ, ಗೆಲ್ಲಿಸು. ಇಳಿದರೆ ಸಾಕೆಂದು ಆಸ್ಪತ್ರೆಯಲ್ಲಿ ಬೇಡಿದವಳು, ಅದು ಕೈಗೂಡಿ ಹರಕೆಯನ್ನೂ ತೀರಿಸಿದವಳು, ಮೂರೇ ದಿನಕ್ಕೆ ಇನ್ನೊಂದು ಕೇಳುತ್ತಿದ್ದೆ. ಕೇಳುತ್ತಿದ್ದುದು ನನ್ನ ಕೈಯಾರೆ ರೊಟ್ಟಿ ಬಡಿಸಿದ ಹುಡುಗನ ಸೋಲನ್ನು. ಹಾಗೆಂದು ತಿಳಿದ ಮೇಲೂ ಮನಸ್ಸು ಬೇಡುವುದನ್ನು ನಿಲ್ಲಿಸಲಿಲ್ಲ. ನಿಂತಿತೆಂದು ಬರೆದರೆ ದೇವಿಯ ಹೆಸರಿನಲ್ಲಿ ಸುಳ್ಳು ಹೇಳಿದಂತಾಗುತ್ತದೆ. ಅಷ್ಟರಲ್ಲಿ ಆ ಹುಡುಗ ಮಗನ ಕುತ್ತಿಗೆಗೆ ತೋಳು ಹಾಕಿ, ಕಾಲು ಕೊಟ್ಟು, ಒಮ್ಮೆಗೇ ತಿರುಗಿದ. ಅದಕ್ಕೆ ಡಾಕ್ ಎನ್ನುತ್ತಾರೆಂದು ಮಗ ಆಮೇಲೆ ಹೇಳಿದ. ನನಗೆ ಕಂಡದ್ದು ಆಕಾಶಕ್ಕೆ ಮುಖಮಾಡಿ ಬಿದ್ದ ನನ್ನ ಮಗ, ಮಣ್ಣಿಗೆ ಅಂಟಿದ ಅವನ ಎರಡೂ ಭುಜ. ಚಿತ್ ಎಂದು ಜನ ಕೂಗಿದರು.

ನಾನು ಮೊದಲು ನೋಡಿದ್ದು ಮಂಡಿಯನ್ನು. ಅವನು ಎರಡು ಕಾಲ ಮೇಲೆ ಎದ್ದು ನಿಂತ. ಗೆದ್ದವನು ಅವನ ಬೆನ್ನಿನ ಮಣ್ಣು ಕೊಡವಲು ಹೋದಾಗ ಬೇಡವೆಂದು ನಕ್ಕು ಅವನನ್ನು ತಬ್ಬಿಕೊಂಡ. ಪಕ್ಕದಲ್ಲಿದ್ದ ಪರಿಚಯದವರೊಬ್ಬರು ಕನಿಕರದಿಂದ, "ಅಷ್ಟು ಕಷ್ಟಪಟ್ಟು ದೀಡು ನಮಸ್ಕಾರ ಹಾಕಿದಿರಲ್ಲಮ್ಮ, ತಾಯಿ ಕಣ್ಣು ಬಿಡಬಾರದಿತ್ತೇ?" ಎಂದರು. ಉತ್ತರ ಕೊಡಲು ನನಗೆ ಆಗಲಿಲ್ಲ. ಅಂಗೈಯ ತರಚು ಗಾಯ ಇನ್ನೂ ಮಾಗಿರಲಿಲ್ಲ, ಅದನ್ನೇ ನೋಡುತ್ತ ನಿಂತೆ. ಮಂಗಳವಾರ ನಾನು ನನ್ನ ಇಷ್ಟದಿಂದಲೇ ಲೆಕ್ಕ ತಪ್ಪುವಷ್ಟು ಸಲ ನೆಲಕ್ಕೆ ಬಿದ್ದಿದ್ದೆ, ಅದನ್ನು ಎಲ್ಲರೂ ಭಕ್ತಿ ಎಂದರು. ಇವನು ಒಂದು ಸಲ ಬಿದ್ದ, ಅದನ್ನು ಸೋಲು ಎಂದರು. ಎದೆ ತಾಗಿದ್ದೂ ಬೆನ್ನು ತಾಗಿದ್ದೂ ಅವಳ ಮುಂದಿನ ಅದೇ ನೆಲಕ್ಕೆ. ನನ್ನನ್ನು ಎಬ್ಬಿಸಲು ಗುರುತಿಲ್ಲದ ಅಜ್ಜಿಯ ಕೈ ಬಂದಿತ್ತು, ಇವನನ್ನು ಎಬ್ಬಿಸಲು ಕೆಡವಿದವನ ಕೈಯೇ ಬಂತು. ತಾಯಿ ಕಣ್ಣು ಬಿಟ್ಟೇ ಇದ್ದಳೆಂದು ಆ ಪರಿಚಯದವರಿಗೆ ಹೇಳಬೇಕಿತ್ತು. ಆಗ ಗಂಟಲು ಕಟ್ಟಿತ್ತು, ಈಗ ಹೇಳುತ್ತಿದ್ದೇನೆ.

ರಾತ್ರಿ ಇಬ್ಬರಿಗೂ ಒಂದೇ ಹಂಡೆಯ ಬಿಸಿನೀರು ತೋಡಿಕೊಟ್ಟೆ. ಬಚ್ಚಲಿನಿಂದ ಹರಿದ ಕೆಂಪು ನೀರು ಹಿತ್ತಿಲ ಬೇವಿನ ಬುಡಕ್ಕೆ ಹೋಯಿತು. ಊಟದ ಹೊತ್ತಿಗೆ ಆ ಹುಡುಗ ನನ್ನ ಮುಖ ನೋಡಲು ಸಂಕೋಚಪಡುತ್ತಿದ್ದ. ತಪ್ಪು ಮಾಡಿದವನಂತೆ ಕುಳಿತಿದ್ದ. "ನೀನು ತಲೆ ತಗ್ಗಿಸಿದರೆ ದುಗ್ಗಮ್ಮನಿಗೆ ಬೇಜಾರಾಗುತ್ತದೆ, ಉಣ್ಣಪ್ಪ" ಎಂದು ರೊಟ್ಟಿ ಹಾಕಿದೆ. ಅಖಾಡದ ಅಂಚಿನಲ್ಲಿ ಅವನ ಸೋಲನ್ನು ಬೇಡಿದ್ದಕ್ಕೆ ನಾನು ಕೇಳಬೇಕಿದ್ದ ಕ್ಷಮೆಯೂ ಅದರಲ್ಲಿಯೇ ಇತ್ತು. ಬೆಳಿಗ್ಗೆ ಹೊರಡುವಾಗ ಅವನ ಮನೆಗೆಂದು ಒಂದು ಚೀಲ ಮಂಡಕ್ಕಿ ಕಟ್ಟಿಕೊಟ್ಟೆ. ಮಗ ಬಸ್ ನಿಲ್ದಾಣದವರೆಗೆ ಹೋಗಿ ಹತ್ತಿಸಿ ಬಂದ.

ಯುಗಾದಿಯ ಹೊತ್ತಿಗೆ ಬೇವು ಹೂಬಿಟ್ಟಿತು. ಬಚ್ಚಲ ನೀರು ಹೋಗುವ ಆ ಮರದಿಂದಲೇ ಹೂವು ಬಿಡಿಸಿ ಬೆಲ್ಲಕ್ಕೆ ಬೆರೆಸಿದೆ, ಅಳತೆಗಿಂತ ತುಸು ಹೆಚ್ಚು ಕಹಿಯಾಯಿತೆಂದು ಮನೆಯವರು ಹೇಳಿದರು. ನಂತರದ ಶನಿವಾರ ಎಂದಿನಂತೆ ಮಜ್ಜಿಗೆಯ ಪಾತ್ರೆ ಹಿಡಿದು ಗರಡಿಯ ಹೊಸ್ತಿಲ ಬಳಿ ಹೋದೆ. ಒಳಗೆ ಮಗ ಗುದ್ದಲಿ ಹಿಡಿದು ಮಣ್ಣು ಮಗುಚುತ್ತಿದ್ದ, ಹೊಸದಾಗಿ ಸೇರಿದ ಸಣ್ಣ ಹುಡುಗನೊಬ್ಬ ಅವನು ಮಗುಚಿದ ಹೆಂಟೆಗಳನ್ನು ಕೈಯಿಂದ ಒಡೆಯುತ್ತಿದ್ದ. ಪಾತ್ರೆಯನ್ನು ಒಳಗೆ ತೆಗೆದುಕೊಂಡ ಉಸ್ತಾದರು, "ಮಜ್ಜಿಗೆ ಆಯಿತಮ್ಮ, ಬೇವಿನ ಸೊಪ್ಪು ಸಾಲದು" ಎಂದರು. ನಾನು ಹಿತ್ತಿಲ ಮರದ ಕಡೆಗೆ ನಡೆದೆ.