ಟಾವಿ ಮಾದರಿ: ಎಡ ಕರೊನರಿಯ ಬಾಯಿ ಮುಚ್ಚಿತು, ಪೆನ್ನಿನ ಸ್ಪ್ರಿಂಗು ತೆರೆಸಿತು

ಗೋಕುಲ ರೋಡಿನ ನಮ್ಮ ಶೆಡ್ಡಿನಲ್ಲಿ ಸಿಲಿಕೋನಿನ ಅಯೋರ್ಟಾ ಬುಡ (ಹೃದಯದಿಂದ ಹೊರಡುವ ಮಹಾಧಮನಿಯ ಬುಡದ ಮಾದರಿ) ಅಂತೂ ಸೋರದೆ ನಿಂತಿದೆ. ಕೂಲರ್ ಪಂಪು ತಳ್ಳಿದರೆ ಎಡ ಕರೊನರಿಯ (ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ನಾಳ) ಸಣ್ಣ ಪೈಪಿನಿಂದ ಕುಂಕುಮದ ನೀರು ಧಾರೆಯಾಗಿ ಬೀಳುತ್ತದೆ. ಪಂಪು ಒಂದೇ ಸಮ ತಳ್ಳುತ್ತದೆ, ಹೃದಯ ಹಾಗಲ್ಲ. ಸದ್ಯಕ್ಕೆ ಇಷ್ಟು ಸಾಕು.

ಹೊಸದಾಗಿ ಓದುವವರಿಗೆ: ಎದೆ ಸೀಳದೆ, ಹೆಚ್ಚಾಗಿ ತೊಡೆಯ ರಕ್ತನಾಳದಿಂದ ಕ್ಯಾಥೆಟರ್ (ಉದ್ದನೆಯ ತೆಳು ನಳಿಕೆ) ಏರಿಸಿ ಅಯೋರ್ಟಾದ ಬುಡದಲ್ಲಿ ಹೊಸ ಕವಾಟ ಕೂರಿಸುವುದೇ ಟಾವಿ. 2002ರಲ್ಲಿ ಫ್ರಾನ್ಸಿನಲ್ಲಿ ಅಲೆನ್ ಕ್ರಿಬಿಯೆ ಮೊದಲು ಮಾಡಿದರು. ಹಳೆಯ ಕವಾಟವನ್ನು ಕಿತ್ತು ತೆಗೆಯುವುದಿಲ್ಲ, ಹೊಸದು ಅದರ ಎಸಳುಗಳನ್ನು ಬದಿಗೆ ಒತ್ತುತ್ತದೆ. ಒತ್ತಿದ ಎಸಳು ಕರೊನರಿಯ ಬಾಯಿಗೆ ಅಡ್ಡ ಬಂದರೆ ಬಿಪಿ ಕುಸಿಯುತ್ತದೆ, ಇಸಿಜಿ ಬದಲಾಗುತ್ತದೆ. ಸಹಜ ಕವಾಟದವರಲ್ಲಿ ನೂರಕ್ಕೆ ಒಬ್ಬರಿಗೂ ಆಗುವುದಿಲ್ಲ, ಆದವರಿಗೆ ಜೀವಕ್ಕೇ ಕುತ್ತು. ಮೊದಲೇ ಆಪರೇಷನ್ನಿನಲ್ಲಿ ಹಾಕಿದ ಅಂಗಾಂಶದ ಕವಾಟದೊಳಗೆ ಇನ್ನೊಂದನ್ನು ಕೂರಿಸುವಾಗ ಅಪಾಯ ಜಾಸ್ತಿ.

ಈ ಸಲ ಎರಡು ಬುಡ ಎರೆದೆ. ಎರಡರಲ್ಲೂ ಕರೊನರಿಯ ಬಾಯಿ ಕವಾಟದ ಬುಡದಿಂದ 10 ಮಿ.ಮೀ. ಎತ್ತರದಲ್ಲೇ ಇದೆ, ಸೈನಸ್ಸಿನ (ಕವಾಟದ ಸುತ್ತ ಅಯೋರ್ಟಾ ಉಬ್ಬಿರುವ ಭಾಗ) ಅಗಲ ಮಾತ್ರ ಒಂದರಲ್ಲಿ 34, ಇನ್ನೊಂದರಲ್ಲಿ 27. ಎಸಳಿಗೆ ಕೈಗವಸಿನ ರಬ್ಬರು, ಕ್ಯಾಲ್ಸಿಯಂ ಗಂಟಿಗೆ ಎಂ-ಸೀಲ್. ಹೊಸ ಕವಾಟದ ಬದಲಿಗೆ ತಂತಿಯ ಚೌಕಟ್ಟು ಅರಳಿಸಿದಾಗ ಅಗಲದ ಬುಡದಲ್ಲಿ ಧಾರೆ ಹಾಗೇ ಉಳಿಯಿತು. ಇಕ್ಕಟ್ಟಿನದರಲ್ಲಿ ರಬ್ಬರು ಗೋಡೆಗೆ ಮೆತ್ತಿಕೊಂಡು, ಧಾರೆ ಹನಿಯಾಯಿತು. ಕ್ಯಾಥ್ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿರುವ ತಂಗಿ ಬಗ್ಗಿ ನೋಡಿ, "ಅದಕ್ಕ ನೋಡಣ್ಣಾ, ಸಿಟಿ ಸ್ಕ್ಯಾನ್ ಒಳಗ ಎತ್ತರ ಅಷ್ಟ ಅಲ್ಲ, ಅಗಲಾನೂ ಅಳೀತಾರ" ಅಂದಳು. ಎತ್ತರ 12ಕ್ಕಿಂತ, ಅಗಲ 30ಕ್ಕಿಂತ ಕಡಿಮೆ ಬಂದರೆ ಡಾಕ್ಟರು ಹುಷಾರಾಗುತ್ತಾರೆ. ಎತ್ತರವೊಂದನ್ನೇ ಹಿಡಿದು ಮಾತಾಡುವವರಿಗೆ ಈ ಎರಡು ಬುಡ ಪಕ್ಕಪಕ್ಕ ಇಟ್ಟು ತೋರಿಸಬೇಕು.

ಅಪಾಯ ಕಂಡಲ್ಲಿ ಕರೊನರಿಯೊಳಗೆ ಮೊದಲೇ ತಂತಿ, ಅರಳಿಸದ ಸ್ಟೆಂಟ್ (ನಾಳ ತೆರೆದಿಡುವ ಜಾಲರಿ ಕೊಳವೆ) ಇಟ್ಟುಕೊಂಡಿರುತ್ತಾರೆ. ಮುಚ್ಚಿದರೆ ಸ್ಟೆಂಟನ್ನು ಹಿಂದೆಳೆದು ಎಸಳಿಗೂ ಗೋಡೆಗೂ ನಡುವೆ ಅರಳಿಸುತ್ತಾರೆ. ಇದಕ್ಕೆ ಚಿಮಣಿ ಸ್ಟೆಂಟ್ ಅಂತಾರೆ. ನಾನು ಬಾಲ್‌ಪೆನ್ನಿನ ಸ್ಪ್ರಿಂಗು ತೂರಿಸಿದೆ. ಧಾರೆ ಮರಳಿತು, ಆದರೆ ತೆಳ್ಳಗೆ: ಚೌಕಟ್ಟು ಒತ್ತಿ ಸ್ಪ್ರಿಂಗು ಮೊಟ್ಟೆಯಾಕಾರಕ್ಕೆ ಬಂದಿದೆ. ನಿಜವಾದ ಸ್ಟೆಂಟಿಗೂ ಈ ಒತ್ತಡ ತಪ್ಪಿದ್ದಲ್ಲ, ಮುಂದೆ ಆ ಕರೊನರಿಗೆ ಮತ್ತೆ ಕ್ಯಾಥೆಟರ್ ಹಾಯಿಸುವುದೂ ಕಷ್ಟ.

ಮುಂದಿನದು ಬೆಸಿಲಿಕಾ ವಿಧಾನ: ಹೊಸ ಕವಾಟ ಕೂರಿಸುವ ಮುನ್ನ ವಿದ್ಯುತ್ ಹರಿಸಿದ ತಂತಿಯಿಂದ ಎಸಳನ್ನೇ ಸೀಳುವುದು. ನಿಕ್ರೋಮ್ ತಂತಿ ತಂದಿಟ್ಟಿದ್ದೇನೆ. ಪಂಪು ಬಿಚ್ಚಿ, ಬುಡ ಒಣಗಿಸಿ, ಶೆಡ್ಡಿನ ಬಾಗಿಲು ತೆರೆದಿಟ್ಟೇ ಕರೆಂಟು ಕೊಡುವುದು. ಸುಟ್ಟ ರಬ್ಬರಿನ ವಾಸನೆ ಓಣಿಗೆಲ್ಲ ಗೊತ್ತಾಗುತ್ತದೆ.