ಡಿಕ್ಕಿಯಲ್ಲಿ ಹನ್ನೆರಡು ತೆಂಗಿನಕಾಯಿ

"ಈ ಸಲ ಕಾಯಿ ಕೊಡಬೇಡಮ್ಮ. ಡಾಕ್ಟ್ರು ಬೇಡ ಅಂದಿದ್ದಾರೆ" ಅಂತ ಊರಿಗೆ ಹೋಗಿ ಇಳಿದ ತಕ್ಷಣ ಹೇಳಿಬಿಟ್ಟೆ. ಹೇಳಬಾರದಿತ್ತು. ನಮ್ಮೂರು ತಿಪಟೂರಿನ ಪಕ್ಕ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿ ಕೂಡಿಟ್ಟು ಉಂಡೆ ಕೊಬ್ಬರಿ ಮಾಡುವ ಮನೆ. ನನ್ನ ಕಾಲೇಜು ಫೀಸು ಕಟ್ಟಿದ್ದೇ ಆ ಕೊಬ್ಬರಿ.

"ತೆಂಗಿನ ಮರದ ಕೆಳಗೆ ಹುಟ್ಟಿದವನಿಗೆ ಕಾಯಿ ಆಗಲ್ವಂತಾ?" ಅಮ್ಮ ತುರಿಮಣೆ ಬಿಟ್ಟು ಏಳಲಿಲ್ಲ.

ಆರು ತಿಂಗಳ ಹಿಂದೆ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಲ್‌ಡಿಎಲ್, ಅಂದರೆ 'ಕೆಟ್ಟ' ಕೊಲೆಸ್ಟರಾಲ್, 162 ಬಂತು. ವಯಸ್ಸು ನಲವತ್ಮೂರು. ಅಲ್ಲಿದ್ದ ಡಾಕ್ಟರು ಎರಡೇ ನಿಮಿಷದಲ್ಲಿ ಮುಗಿಸಿದರು: ಕಾಯಿ, ತುಪ್ಪ, ಮೊಟ್ಟೆಯ ಹಳದಿ ಬಂದ್. ವಾರದ ನಂತರ ಸಿಕ್ಕ ಡಯಟೀಷಿಯನ್ ಮೇಡಂ, "ದಿನಕ್ಕೊಂದು ಮೊಟ್ಟೆ ತಿನ್ನಿ ಸರ್, ಅನ್ನ ಬಿಡಿ" ಅಂದರು. ಭಾವ ಅಂತೂ ಬೆಳಿಗ್ಗೆ ಕಾಫಿಗೇ ಕೊಬ್ಬರಿ ಎಣ್ಣೆ ಹಾಕಿಕೊಂಡು ಕುಡಿಯುವ ಪಂಗಡ.

ತಲೆ ಕೆಟ್ಟು ಒಂದಷ್ಟು ಓದಿದೆ. ಮೊಟ್ಟೆಯದು ದೊಡ್ಡ ಕಥೆ. ವಾರಕ್ಕೆ ಮೂರು ಹಳದಿಗಿಂತ ಜಾಸ್ತಿ ಬೇಡ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳಿದ್ದು 1968ರಲ್ಲಿ. ಊಟದ ಕೊಲೆಸ್ಟರಾಲ್ ದಿನಕ್ಕೆ 300 ಮಿಲಿಗ್ರಾಂ ದಾಟಬಾರದು ಅನ್ನುವ ಲೆಕ್ಕ ಅದು. ಒಂದು ಹಳದಿಯಲ್ಲೇ ಹತ್ತಿರ ಹತ್ತಿರ 190 ಇರುತ್ತದೆ. ಆದರೆ ರಕ್ತದಲ್ಲಿರುವ ಕೊಲೆಸ್ಟರಾಲ್ ಬಹುಪಾಲು ನಮ್ಮ ದೇಹವೇ ತಯಾರಿಸಿಕೊಳ್ಳುವಂಥದ್ದು. ಅಮೆರಿಕದ ಸರ್ಕಾರಿ ಆಹಾರ ಸೂಚಿಯ 2015ರ ಆವೃತ್ತಿಯಲ್ಲಿ ಆ 300ರ ಮಿತಿ ಕಾಣಲೇ ಇಲ್ಲ. ಅಂದರೆ ನನ್ನ ಡಾಕ್ಟರು ಹಳೇ ಪಾಠ ಒಪ್ಪಿಸಿದ್ದರು, ಮೇಡಂ ಹೊಸದನ್ನ. ಕೊಬ್ಬರಿ ಎಣ್ಣೆ ವಿಷಯದಲ್ಲಿ ಮಾತ್ರ ಭಾವ ಸೋತರು. ಅದರಲ್ಲಿ ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬು. ಬೆಣ್ಣೆಯಲ್ಲೂ ಅಷ್ಟಿಲ್ಲ. ಆ ಜಾತಿಯ ಕೊಬ್ಬು ಎಲ್‌ಡಿಎಲ್ ಏರಿಸುತ್ತೆ.

ನಾನು ಪಾಲಿಸಿದ್ದು ಮೊದಲ ಡಾಕ್ಟರ ಮಾತನ್ನೇ. ಬಯ್ದು ಹೇಳಿದವರ ಮಾತು ನಿಜ ಅನ್ನಿಸುತ್ತೆ ಅಲ್ವಾ. ಮೊಟ್ಟೆ ಬಿಟ್ಟೆ, ಚಟ್ನಿ ಬಿಟ್ಟೆ. ಮೂರು ತಿಂಗಳಾದ ಮೇಲೆ ನೋಡಿದರೆ ಎಲ್‌ಡಿಎಲ್ 158. ರಕ್ತದಲ್ಲಿರುವ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್, 148 ಇದ್ದದ್ದು 236! ಮೊಟ್ಟೆ ಬಿಟ್ಟವನು ಹನ್ನೊಂದು ಗಂಟೆಗೆ ಹಸಿವು ತಡೆಯದೆ ಖಾರಾ ಬನ್ ತಿನ್ನುತ್ತಿದ್ದೆ. ಸಂಜೆ ಟೀ ಜೊತೆ ನಾಲ್ಕು ರಸ್ಕ್. ಚಟ್ನಿ ಇಲ್ಲದ ಇಡ್ಲಿಗೆ ಸಕ್ಕರೆ. ಏನು ಬಿಡಬೇಕು ಅಂತ ಎಲ್ಲರೂ ಹೇಳಿದ್ದರು. ಅದರ ಬದಲು ಏನು ತಿಂತೀಯ ಅಂತ ಒಬ್ಬರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಇದನ್ನೆಲ್ಲ ಹೇಳುತ್ತಿದ್ದರೆ ಅಮ್ಮ ತನ್ನ ದೊಡ್ಡ ಸಾಕ್ಷಿ ತೆಗೆದಳು. "ನಿಮ್ಮ ತಾತ ದಿನಾ ಒಂದು ಹೋಳು ಕಾಯಿನ ಬೆಲ್ಲದ ಜೊತೆ ಹಂಗೇ ಕಡ್ಕೊಂಡು ತಿಂತಿದ್ರು. ಏನಾಗಿತ್ತು ಅವರಿಗೆ? ಕಲ್ಲಿನಂಗಿದ್ರು."

ಅಕ್ಕ ಸಾರು ಬಡಿಸುತ್ತಿದ್ದಳು. "ತಾತ ಹೋದಾಗ ಎಷ್ಟಮ್ಮ ವಯಸ್ಸು?"

ಅಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಐವತ್ತೆರಡು ಇರಬೇಕು. ತೋಟದಲ್ಲಿ ನೀರು ಕಟ್ಟೋಕೆ ಹೋಗಿದ್ರು. ಎದೆ ಉರಿ ಅಂದ್ರು. ಜೀರಿಗೆ ಕಷಾಯ ಕೊಟ್ವಿ..."

ಮಾತು ಅಲ್ಲಿಗೇ ನಿಂತಿತು. ಭಾವ ಮಜ್ಜಿಗೆ ಕೇಳಿದರು.

ನಾನು ಅಮ್ಮನ ಮುಖ ನೋಡಲಿಲ್ಲ. ತಾತ ಅಂದರೆ ಅಮ್ಮನ ಅಪ್ಪ. ಸುಮ್ನೆ ಕಾಯಿಯ ಮೇಲೆ ಹೊರಿಸೋಕಾಗುತ್ತಾ? ಅವರು ಬೀಡಿಯನ್ನೂ ಸೇದುತ್ತಿದ್ದರು. ಆದರೆ ಹೆಲ್ತ್ ಚೆಕಪ್ ಫಾರಂನಲ್ಲಿ 'ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇತ್ತೆ' ಅನ್ನುವ ಜಾಗದಲ್ಲಿ ನಾನು ಯೋಚಿಸದೆ 'ಇಲ್ಲ' ಅಂತ ಬರೆದಿದ್ದೆ. ಆರು ತಿಂಗಳಿಂದ ಮೊಟ್ಟೆಯ ಜಗಳ ಆಡಿದ್ದೇ ಆಡಿದ್ದು.

ಸಂಜೆ ಹೊರಡುವಾಗ ಡಿಕ್ಕಿ ತೆಗೆದೆ. ಕಾಯಿ ಬೇಡ ಅಂದಿದ್ದರೂ ಚೀಲ ಆಗಲೇ ಒಳಗಿತ್ತು. ಹನ್ನೆರಡು ಕಾಯಿ, ಸುಲಿದು ಜುಟ್ಟು ಬಿಟ್ಟಿದ್ದವು. ನಾನು ಏನೂ ಅನ್ನಲಿಲ್ಲ. ಅಮ್ಮ ಬಂದು ನಿಂತಳು, ಚೀಲದ ಬಾಯಿ ಬಿಚ್ಚಿದಳು. ಒಂದೊಂದಾಗಿ ಎಂಟು ಕಾಯಿ ತೆಗೆದು ಜಗಲಿಯ ಮೇಲಿಟ್ಟಳು. ಒಳಗೆ ಹೋಗಿ ಬಂದು, ಆ ಜಾಗಕ್ಕೆ ಎರಡು ಸೇರು ಕಡಲೆಕಾಯಿ ಸುರಿದು ಮತ್ತೆ ಕಟ್ಟಿದಳು.

"ಉಪ್ಪು ಹಾಕಿ ಬೇಯಿಸಬೇಡ" ಅಂದಳು.